ಕೊಕ್ಕೆ ಹೊರಗೆ, ಜೀನ್ ಒಳಗೆ: ಬ್ಯಾಕ್ಟೀರಿಯಾದ ಕಶಾಂಗ ಕಟ್ಟುವ ಸರದಿ ಯಾರು ಕಾಯ್ತಾರೆ?

ಅಂತಿಮವರ್ಷ_ಮೈಕ್ರೋ

ಎಲ್ಲರಿಗೂ ನಮಸ್ಕಾರ. ಬಿಎಸ್ಸಿ ಮೈಕ್ರೋಬಯಾಲಜಿ ಕೊನೇ ವರ್ಷ ಓದ್ತಾ ಇದ್ದೀನಿ. ಪ್ರಾಜೆಕ್ಟಿಗೆ ಈ. ಕೋಲಿ ಈಜುವುದನ್ನ ಮೆದು ಅಗಾರ್‌ನಲ್ಲಿ ನೋಡ್ತಿದ್ದೀನಿ. ಟ್ರಿಪ್ಟೋನ್, ಉಪ್ಪು, ಅಗಾರ್ ಶೇ. 0.3 ಮಾತ್ರ. ನಡುವೆ ಸೂಜಿಯಲ್ಲಿ ಚುಚ್ಚಿ 30 ಡಿಗ್ರಿಯಲ್ಲಿ ಇಟ್ಟರೆ ಬೆಳಗಾಗುವಷ್ಟರಲ್ಲಿ ಚುಚ್ಚಿದ ಜಾಗದಿಂದ ಸಾಕಷ್ಟು ದೂರಕ್ಕೆ ಒಂದು ಮಸುಕು ಉಂಗುರ, ಅದರೊಳಗೆ ಇನ್ನೊಂದು. ಅದೇ ಮಾಧ್ಯಮಕ್ಕೆ ಗ್ಲೂಕೋಸ್ ಸೇರಿಸಿದ ಪ್ಲೇಟಿನಲ್ಲಿ ನಡುವೆ ಒಂದು ದಟ್ಟ ಚುಕ್ಕಿ ಅಷ್ಟೇ. ಚೆನ್ನಾಗೇ ಬೆಳೆದಿದೆ, ಆದರೆ ಹರಡಿಲ್ಲ.

ಎರಡು ಪ್ರಶ್ನೆ. ಹೊಟ್ಟೆ ತುಂಬ ಸಕ್ಕರೆ ಸಿಕ್ಕರೆ ಈಜುವುದು ಯಾಕೆ ನಿಲ್ಲುತ್ತೆ? ಇನ್ನೊಂದು, ಪಾಠದಲ್ಲಿ “ಕೊಕ್ಕೆ ಪೂರ್ತಿಯಾದ ಮೇಲೆ ಮಾತ್ರ ಫ್ಲಾಜೆಲಿನ್ ಜೀನ್ ಆನ್ ಆಗುತ್ತದೆ” ಅಂತ ಒಂದೇ ಸಾಲಿದೆ. ಕೊಕ್ಕೆ, ಅಂದರೆ ಈಜೋಕೆ ತಿರುಗುವ ಬಾಲದಂಥ ಕಶಾಂಗದ ಬಾಗಿದ ಬುಡ, ಇರೋದು ಜೀವಕೋಶದ ಹೊರಗೆ. ಫ್ಲಾಜೆಲಿನ್, ಅಂದರೆ ಕಶಾಂಗದ ಉದ್ದ ತಂತುವಿನ ಪ್ರೋಟೀನ್, ಅದರ ಜೀನ್ ಇರೋದು ಒಳಗೆ. ಹೊರಗೆ ಕೆಲಸ ಮುಗಿದದ್ದು ಒಳಗಿನ ಡಿಎನ್‌ಎಗೆ ಹೇಗೆ ಗೊತ್ತಾಗುತ್ತೆ? ನಮ್ಮ ಕ್ಲಾಸಿನಲ್ಲಿ ಯಾರಿಗೂ ಇದಕ್ಕೆ ಸಮಾಧಾನ ಸಿಕ್ಕಿಲ್ಲ.

ಮೃದುಅಗಾರ್

ಎರಡನೇ ಪ್ರಶ್ನೆಗೆ ಉತ್ತರ ಬ್ಯಾಕ್ಟೀರಿಯಾ ಲೋಕದಲ್ಲೇ ನನಗೆ ಅತ್ಯಂತ ಪ್ರಿಯವಾದದ್ದು, ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೀತೀನಿ.

ಮೊದಲು ಉಂಗುರಗಳು. ಟ್ರಿಪ್ಟೋನ್‌ನಲ್ಲಿರುವ ಸೆರಿನ್ ಎಂಬ ಅಮೈನೋ ಆಮ್ಲವನ್ನ ತಿಂದು ಮುಗಿಸುತ್ತಾ, ಮುಂದಿರುವ ಸೆರಿನ್ ಕಡೆಗೆ ಹೋಗುವ ಗುಂಪು ಹೊರಗಿನ ಉಂಗುರ. ಹಿಂದೆ ಉಳಿದು ಆಸ್ಪಾರ್ಟೇಟ್ ಹಿಂಬಾಲಿಸುವವು ಒಳಗಿನದು. 1960ರ ದಶಕದಲ್ಲಿ ವಿಸ್ಕಾನ್ಸಿನ್‌ನಲ್ಲಿ ಜೂಲಿಯಸ್ ಆಡ್ಲರ್ ಇಂಥ ಪ್ಲೇಟುಗಳಿಂದಲೇ ಈ ಇಡೀ ಕ್ಷೇತ್ರಕ್ಕೆ ದಾರಿ ಮಾಡಿದ್ದು. ಹಾಗಾಗಿ ಆ ಮಸುಕು ಉಂಗುರವನ್ನ ಸುಮ್ಮನೆ ಅಳೆದು ಬಿಡಬೇಡಿ, ದಿನಕ್ಕೆ ಹಲವು ಸಲ ಫೋಟೋ ತೆಗೀರಿ.

ಗ್ಲೂಕೋಸ್ ವಿಷಯ: ಈ. ಕೋಲಿಯಲ್ಲಿ ಕಶಾಂಗಕ್ಕೆ ಸಂಬಂಧಿಸಿದ ಜೀನ್‌ಗಳು 50ಕ್ಕೂ ಹೆಚ್ಚು. ಅಷ್ಟಕ್ಕೂ ಮೇಲೆ ಕೂತಿರೋದು ಫ್ಲಹ್‌ಡಿಸಿ ಎಂಬ ಒಂದೇ ಆಪೆರಾನ್, ಅಂದರೆ ಒಟ್ಟಿಗೆ ಓದಿಸಿಕೊಳ್ಳುವ ಜೀನ್‌ಗಳ ಗುಂಪು. ಅದು ಓದಿಸಿಕೊಳ್ಳದಿದ್ದರೆ ಉಳಿದ ಯಾವುದೂ ಏಳೋದಿಲ್ಲ. ಆ ಆಪೆರಾನಿನ ಪ್ರೊಮೋಟರ್‌ಗೆ, ಅಂದರೆ ಓದು ಶುರುವಾಗುವ ಜಾಗಕ್ಕೆ, ಸಿಆರ್‌ಪಿ ಎಂಬ ಪ್ರೋಟೀನ್ ಬಂದು ಕೂರಬೇಕು, ಸಿಆರ್‌ಪಿ ಕೂರಬೇಕಾದರೆ ಜೊತೆಗೆ ಸೈಕ್ಲಿಕ್ ಎಎಂಪಿ ಎಂಬ ಸಣ್ಣ ಅಣು ಬೇಕು. ಗ್ಲೂಕೋಸ್ ಇದ್ದಾಗ ಜೀವಕೋಶದೊಳಗೆ ಸೈಕ್ಲಿಕ್ ಎಎಂಪಿ ಇಳಿಯುತ್ತೆ. ಅಲ್ಲಿಗೆ ಮೂಲದಲ್ಲೇ ನೀರು ನಿಂತ ಹಾಗೆ. ಲ್ಯಾಕ್ಟೋಸ್ ಆಪೆರಾನ್ ಪಾಠದಲ್ಲಿ ಓದಿದ್ದೀರಲ್ಲ, ಅದೇ ಸಿಆರ್‌ಪಿ.

ಯಾಕೆ ಇಷ್ಟು ಬಿಗಿ ಅಂದರೆ, ಕಶಾಂಗ ದುಬಾರಿ. ಒಂದೊಂದು ತಂತುವಿಗೆ ಸುಮಾರು 20,000 ಫ್ಲಾಜೆಲಿನ್ ಅಣು ಬೇಕು. ಜೀವಕೋಶದ ಉದ್ದ ಸುಮಾರು 2 ಮೈಕ್ರೋಮೀಟರ್, ಅದರ ಕಶಾಂಗ ಅದರ ಹಲವು ಪಟ್ಟು ಉದ್ದ. ಅಂಥವು ಮೈಮೇಲೆ ನಾಲ್ಕಾರು.

ಈಗ ಸರದಿಯ ವಿಷಯ. ಫ್ಲಹ್‌ಡಿಸಿ ಮೊದಲ ಹಂತ. ಅದರಿಂದ ಹುಟ್ಟುವ ಪ್ರೋಟೀನ್‌ಗಳಲ್ಲಿ ನಾಲ್ಕು ಡಿ, ಎರಡು ಸಿ ಸೇರಿ ಒಂದು ಬಳೆಯಾಗಿ ಎರಡನೇ ಹಂತದ ಪ್ರೊಮೋಟರ್‌ಗಳನ್ನ ಎಬ್ಬಿಸುತ್ತೆ. ಎರಡನೇ ಹಂತದಲ್ಲಿ ತಳಭಾಗ, ಪ್ರೋಟೀನ್‌ಗಳನ್ನ ಹೊರಕ್ಕೆ ಸಾಗಿಸುವ ಯಂತ್ರ, ಕೊಕ್ಕೆ ಎಲ್ಲಾ ತಯಾರಾಗುತ್ತೆ. ಅವುಗಳ ಜೊತೆಗೇ ಇನ್ನೆರಡು ಪ್ರೋಟೀನ್ ಹುಟ್ಟುತ್ತೆ: ಜೀನ್ ಓದುವ ಯಂತ್ರವನ್ನ ಸರಿಯಾದ ಪ್ರೊಮೋಟರ್‌ಗೆ ಕರೆದೊಯ್ಯುವ ಸಿಗ್ಮಾ-28, ಮತ್ತು ಅದನ್ನ ಹಿಡಿದು ಕೂರುವ ಫ್ಲಗ್‌ಎಂ. ಮೂರನೇ ಹಂತದ ಜೀನ್‌ಗಳು, ಅಂದರೆ ಫ್ಲಾಜೆಲಿನ್, ಮೋಟಾರು ತಿರುಗಿಸುವ ಮಾಟ್‌ಎ ಮಾಟ್‌ಬಿ, ವಾಸನೆ ಹಿಡಿಯುವ ಕೀಮೋಟ್ಯಾಕ್ಸಿಸ್ ಪ್ರೋಟೀನ್‌ಗಳು, ಇವೆಲ್ಲ ಸಿಗ್ಮಾ-28 ಇಲ್ಲದೆ ಓದಿಸಿಕೊಳ್ಳೋದಿಲ್ಲ. ಆದರೆ ಸಿಗ್ಮಾ-28ರ ಕೈ ಫ್ಲಗ್‌ಎಂ ಹಿಡಿತದಲ್ಲಿದೆ.

ಕೊಕ್ಕೆ ತನ್ನ ಉದ್ದ ಮುಟ್ಟಿದ ಕ್ಷಣಕ್ಕೆ ಸಾಗಣೆ ಯಂತ್ರ ತನ್ನ ಆಯ್ಕೆ ಬದಲಿಸುತ್ತೆ. ಅಲ್ಲಿವರೆಗೆ ಕೊಕ್ಕೆಯ ತುಣುಕುಗಳನ್ನ ಮಾತ್ರ ಒಯ್ಯುತ್ತಿದ್ದದ್ದು, ಈಗ ತಂತುವಿನ ಸಾಮಗ್ರಿಯನ್ನ ಒಯ್ಯೋಕೆ ಶುರು ಮಾಡುತ್ತೆ. ಫ್ಲಗ್‌ಎಂ ಕೂಡ ಆ ಎರಡನೇ ಪಟ್ಟಿಯಲ್ಲೇ ಇರುವ ಪ್ರೋಟೀನ್! ಕೊಕ್ಕೆಯ ನಡುವಿನ ಕೊಳವೆಯಲ್ಲೇ ಅದು ಜೀವಕೋಶದಿಂದ ಹೊರಕ್ಕೆ ಹೋಗಿಬಿಡುತ್ತೆ. ಸಿಗ್ಮಾ-28 ಬಿಡುಗಡೆ, ಫ್ಲಾಜೆಲಿನ್ ಜೀನ್ ಆನ್.

ಅಂದರೆ ಕೊಕ್ಕೆ ಮುಗಿಯಿತು ಅಂತ ಯಾರೂ ಒಳಗೆ ಬಂದು ಸುದ್ದಿ ಹೇಳೋದಿಲ್ಲ. ತಡೆ ಹಿಡಿದಿದ್ದವನನ್ನೇ ಹೊಸದಾಗಿ ಕಟ್ಟಿದ ದಾರಿಯಲ್ಲಿ ಹೊರಕ್ಕೆ ಕಳಿಸಲಾಗುತ್ತೆ. ದಾರಿ ಪೂರ್ತಿಯಾಗಿಲ್ಲ ಅಂದರೆ ಅವನು ಹೋಗಲಾರ. ಹೀಗಿರದಿದ್ದರೆ, ಗೋಡೆ ಏಳುವ ಮೊದಲೇ ಹೆಂಚು ತರಿಸಿ ಅಂಗಳದ ತುಂಬಾ ರಾಶಿ ಹಾಕಿಸಿಕೊಂಡ ಹಾಗಾಗುತ್ತಿತ್ತು, ಅದೂ ಸಾವಿರಾರು ಹೆಂಚು.

ಅಂತಿಮವರ್ಷ_ಮೈಕ್ರೋ

ಮೇಡಂ, ತುಂಬಾ ಧನ್ಯವಾದ. ಓದಿ ಎದ್ದು ಓಡಾಡಿಬಿಟ್ಟೆ. ಆದರೆ ಫ್ಲಗ್‌ಎಂ ನಿಜವಾಗಿ ಹೊರಗೆ ಹೋಗುತ್ತೆ ಅಂತ ತೋರಿಸಿದ್ದು ಹೇಗೆ? ಒಳಗೇ ಕರಗಿ ಹೋಗಿರಬಹುದಲ್ಲ?

ಮೃದುಅಗಾರ್

ಸರಿಯಾದ ಅನುಮಾನ. ಕಥೆ ಈ. ಕೋಲಿಯ ಹತ್ತಿರದ ಸಂಬಂಧಿ ಸಾಲ್ಮೊನೆಲ್ಲಾದಲ್ಲಿ ನಡೆದದ್ದು. ಕೊಕ್ಕೆ ಅಥವಾ ತಳಭಾಗದ ಯಾವ ಜೀನ್ ಕೆಟ್ಟರೂ ಫ್ಲಾಜೆಲಿನ್ ಜೀನ್ ಆಫ್ ಆಗುತ್ತೆ ಅನ್ನೋದು ಮೊದಲೇ ಗೊತ್ತಿತ್ತು. ಜಪಾನಿನಲ್ಲಿ ಕುಟ್ಸುಕಾಕೆ, ಅಮೆರಿಕದಲ್ಲಿ ಕೆಲ್ಲಿ ಹ್ಯೂಸ್ ಇದರ ಹಿಂದೆ ಬಿದ್ದಿದ್ದರು. ಕೊಕ್ಕೆ ಇಲ್ಲದ ಆ ರೂಪಾಂತರಿಗಳಲ್ಲೇ ಇನ್ನೊಂದು ಜೀನ್ ಕೆಡಿಸಿದಾಗ ಫ್ಲಾಜೆಲಿನ್ ಜೀನ್ ಮತ್ತೆ ಆನ್ ಆಯಿತು. ಕೆಟ್ಟದ್ದು ಫ್ಲಗ್‌ಎಂ. ಅಲ್ಲಿಗೆ ತಡೆಯುವವನು ಯಾರು ಅಂತ ಸಿಕ್ಕ.

ಮುಂದೆ 1993ರಲ್ಲಿ ಹ್ಯೂಸ್ ತಂಡ ಫ್ಲಗ್‌ಎಂ ವಿರುದ್ಧದ ಆ್ಯಂಟಿಬಾಡಿ ಹಿಡಿದು ಹುಡುಕಿತು. ಕೊಕ್ಕೆ ಪೂರ್ತಿ ಇರುವ ಬ್ಯಾಕ್ಟೀರಿಯಾಗಳಲ್ಲಿ ಫ್ಲಗ್‌ಎಂ ಸಿಕ್ಕಿದ್ದು ಬೆಳೆಸಿದ ದ್ರವದಲ್ಲಿ. ಕೊಕ್ಕೆ ಅರ್ಧಕ್ಕೆ ನಿಂತವುಗಳಲ್ಲಿ ಅದು ಜೀವಕೋಶದ ಒಳಗೇ ಉಳಿದಿತ್ತು. ಸೆಂಟ್ರಿಫ್ಯೂಜ್ ಮಾಡಿ ಮೇಲಿನ ದ್ರವ ಒಂದು ಕಡೆ, ಕೆಳಗಿನ ಗಸಿ ಒಂದು ಕಡೆ ಇಟ್ಟು ಜೆಲ್ ಓಡಿಸಿದರೆ ಪಟ್ಟಿ ಎಲ್ಲಿದೆ ಅಂತ ಕಣ್ಣಿಗೆ ಕಾಣುತ್ತೆ. ಇಷ್ಟು ಸರಳವಾದ ಪುರಾವೆಗೆ ಎದುರಾಡೋದು ಕಷ್ಟ.

ಫ್ಲಗ್‌ಎಂ ಬರೀ 97 ಅಮೈನೋ ಆಮ್ಲದ ಪುಟ್ಟ ಪ್ರೋಟೀನ್, ಒಂಟಿಯಾಗಿದ್ದಾಗ ಹೆಚ್ಚು ಕಮ್ಮಿ ಮಡಚಿಕೊಳ್ಳದೇ ಇರುತ್ತೆ. ಕೊಳವೆಯ ಒಳವ್ಯಾಸ ಸುಮಾರು 2 ನ್ಯಾನೋಮೀಟರ್, ಮಡಚಿಕೊಂಡ ಪ್ರೋಟೀನ್‌ಗೆ ಅಲ್ಲಿ ಜಾಗವಿಲ್ಲ. ಫ್ಲಾಜೆಲಿನ್ ಕೂಡ ಬಿಚ್ಚಿಕೊಂಡೇ ಸಾಗಿ, ತುದಿಗೆ ಹೋಗಿ ಅಲ್ಲಿ ಮಡಚಿಕೊಳ್ಳುತ್ತೆ. ಕಶಾಂಗ ಬೆಳೆಯೋದು ತುದಿಯಲ್ಲಿ, ಬುಡದಲ್ಲಲ್ಲ.

ಎಲೆಕ್ಟ್ರಾನ್_ಕಣ್ಣು

“ಕೊಕ್ಕೆ ತನ್ನ ಉದ್ದ ಮುಟ್ಟಿದ ಕ್ಷಣಕ್ಕೆ” ಅಂತ ಮೇಲೆ ಒಂದೇ ಮಾತಲ್ಲಿ ದಾಟಿಸಿದ್ದಾರೆ, ಅಲ್ಲೇ ದೊಡ್ಡ ಜಗಳ ನಡೆದಿದೆ. ಸಾಲ್ಮೊನೆಲ್ಲಾ ಕೊಕ್ಕೆಯ ಉದ್ದ ಸುಮಾರು 55 ನ್ಯಾನೋಮೀಟರ್, ಹೆಚ್ಚು ಏರುಪೇರಿಲ್ಲ. ಫ್ಲಿಕೆ ಎಂಬ ಪ್ರೋಟೀನ್ ಇಲ್ಲದಿದ್ದರೆ ಕೊಕ್ಕೆ ನಿಲ್ಲದೆ ಬೆಳೀತಾ ಹೋಗುತ್ತೆ, ಫ್ಲಗ್‌ಎಂ ಒಳಗೇ ಉಳಿಯುತ್ತೆ, ತಂತುವೇ ಬರೋದಿಲ್ಲ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಆ ಉದ್ದುದ್ದ ಬಾಗಿದ ಕೊಕ್ಕೆಗಳನ್ನ ನೋಡಿದವರು ಮರೆಯೋಲ್ಲ.

ಹಾಗಾದರೆ ಅಳೆಯೋದು ಹೇಗೆ? 2001ರಲ್ಲಿ ಬಂದ ಒಂದು ವಾದ: ತಳದಲ್ಲಿರುವ ಉಂಗುರ ಒಂದು ಅಳತೆಪಾತ್ರೆ, ಅದರಲ್ಲಿ ತುಂಬಿದಷ್ಟು ಕೊಕ್ಕೆ ಅಣುಗಳು ಮಾತ್ರ ಒಮ್ಮೆಗೆ ಹೊರಡುತ್ತವೆ ಅಂತ. ಇನ್ನೊಂದು ವಾದ: ಫ್ಲಿಕೆಯೇ ಅಳತೆಕೋಲು. ಅದು ಆಗಾಗ ಕೊಳವೆಯೊಳಗೆ ಸಾಗಿ ಹೋಗುತ್ತೆ. ಕೊಕ್ಕೆ ಗಿಡ್ಡ ಇದ್ದರೆ ಸರ್ರನೆ ಹೊರಬೀಳುತ್ತೆ. ಉದ್ದ ಸಾಕಷ್ಟಾಗಿದ್ದರೆ ಅದರ ಬಾಲದ ತುದಿಗೆ ಬುಡದಲ್ಲಿರುವ ಫ್ಲಹ್‌ಬಿ ಜೊತೆ ಸೇರೋಕೆ ಸಮಯ ಸಿಗುತ್ತೆ, ಆಗ ಯಂತ್ರದ ಆಯ್ಕೆ ತಿರುಗುತ್ತೆ. ಫ್ಲಿಕೆಯ ನಡುಭಾಗವನ್ನ ಉದ್ದ ಮಾಡಿದರೆ ಕೊಕ್ಕೆಯೂ ಉದ್ದ ಆಗುತ್ತೆ, ಮೊಟಕು ಮಾಡಿದರೆ ಮೊಟಕು. ನನ್ನ ಮಟ್ಟಿಗೆ ಆ ಪ್ರಯೋಗದಿಂದ ಅಳತೆಕೋಲಿನ ವಾದ ಗೆದ್ದಿದೆ.

ಮೃದುಅಗಾರ್

ನನ್ನ ಒಲವೂ ಅದೇ ಕಡೆ.

ಬೆಂಗಳೂರು_ಬೈಟ್

ನಾನು ಸಾಫ್ಟ್‌ವೇರ್‌ನವನು, ಜೀವಶಾಸ್ತ್ರ ಪಿಯುಸಿಗೆ ಮುಗೀತು. ಆದರೂ ಒಂದು ಪ್ರಶ್ನೆ. ಈ ಮೂರು ಹಂತ ಅಂದರೆ ಮೂರು ಸ್ವಿಚ್ ಅಷ್ಟೇನಾ? ಒಂದೇ ಹಂತದೊಳಗೆ ಹಿಂದು ಮುಂದು ಇರೋಲ್ವಾ?

ಜೀನ್_ಗಡಿಯಾರ

ಇರುತ್ತೆ ಸರ್. ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿ ಊರಿ ಆಲನ್ ತಂಡ ಇದನ್ನೇ 2001ರಲ್ಲಿ ನೋಡಿತು. ಕಶಾಂಗದ ಒಂದೊಂದು ಆಪೆರಾನಿನ ಪ್ರೊಮೋಟರ್‌ಗೂ ಹಸಿರು ಹೊಳೆಯುವ ಪ್ರೋಟೀನಿನ ಜೀನ್ ಜೋಡಿಸಿ, ಜೀವಂತ ಈ. ಕೋಲಿಯಲ್ಲಿ ಯಾವುದು ಮೊದಲು ಹೊಳೆಯುತ್ತೆ, ಯಾವುದು ಆಮೇಲೆ ಅಂತ ಕೆಲವು ನಿಮಿಷಕ್ಕೊಮ್ಮೆ ಅಳೆದರು. ಎರಡನೇ ಹಂತದೊಳಗೇ ಸಣ್ಣ ಸಣ್ಣ ಅಂತರ ಕಂಡಿತು, ಆ ಕ್ರಮ ಕಶಾಂಗ ಕಟ್ಟುವ ಕ್ರಮಕ್ಕೆ ಬಹುಮಟ್ಟಿಗೆ ಹೊಂದಿತು. ತಳದ ಭಾಗ ಮೊದಲು, ಹೊರಗಿನದು ಆಮೇಲೆ.

ನಿಮಗೆ ಇಷ್ಟವಾಗುವ ಸಂಗತಿ ಇನ್ನೊಂದಿದೆ. ಎರಡನೇ ಹಂತದ ಎಷ್ಟೋ ಪ್ರೊಮೋಟರ್‌ಗಳಿಗೆ ಫ್ಲಹ್‌ಡಿಸಿ, ಸಿಗ್ಮಾ-28 ಎರಡೂ ಬೇರೆ ಬೇರೆಯಾಗಿ ಬಲ ಕೊಡುತ್ತವೆ. ಎರಡೂ ಇರಲೇಬೇಕು ಅಂತಿಲ್ಲ, ಎರಡರ ಬಲ ಕೂಡಿಕೊಳ್ಳುತ್ತೆ. ಹಾಗಾಗಿ ಫ್ಲಹ್‌ಡಿಸಿ ಸ್ವಲ್ಪ ಹೊತ್ತು ಕುಗ್ಗಿದರೂ ಕೆಲಸ ತಕ್ಷಣ ನಿಲ್ಲೋದಿಲ್ಲ. ಕಟ್ಟೋಕೆ ಒಂದಕ್ಕಿಂತ ಹೆಚ್ಚು ಪೀಳಿಗೆ ಹಿಡಿಯುವ ರಚನೆಗೆ ಈ ತಾಳ್ಮೆ ಬೇಕು.

2020ರಲ್ಲಿ ಹಾರ್ವರ್ಡ್‌ನ ಕ್ಲೂಜೆಲ್ ತಂಡ ಒಂದೊಂದೇ ಜೀವಕೋಶವನ್ನ ತಲೆಮಾರುಗಟ್ಟಲೆ ಹಿಂಬಾಲಿಸಿ ನೋಡಿದಾಗ ಚಿತ್ರ ಇನ್ನೂ ಬದಲಾಯಿತು. ಮೊದಲ ಹಂತವನ್ನ ಒಂದೇ ಮಟ್ಟದಲ್ಲಿ ಹಿಡಿದಿಟ್ಟರೂ ಎರಡನೇ ಹಂತದ ಜೀನ್‌ಗಳು ಒಮ್ಮೆ ಏಳುತ್ತವೆ, ಒಮ್ಮೆ ಮಲಗುತ್ತವೆ, ಯಾವಾಗ ಏಳುತ್ತವೆ ಅಂತ ಮೊದಲೇ ಹೇಳೋಕೆ ಆಗೋಲ್ಲ. ಲಕ್ಷಾಂತರ ಜೀವಕೋಶಗಳ ಸರಾಸರಿ ತೆಗೆದಾಗ ಮಾತ್ರ ನಯವಾದ ಗೆರೆ ಕಾಣೋದು. ನಾವು ಪಾಠದಲ್ಲಿ ಬರೆಯುವ ಮೂರು ಹಂತದ ಚಿತ್ರ ಸರಾಸರಿಯ ಚಿತ್ರ ಅನ್ನೋದನ್ನ ಮೇಷ್ಟ್ರುಗಳು ಮಕ್ಕಳಿಗೆ ಹೇಳಲೇಬೇಕು ಅಂತ ನನಗನ್ನಿಸುತ್ತೆ.

ಲ್ಯಾಬ್_ಹುಬ್ಬಳ್ಳಿ

ನಾ ರಕ್ತ ಪರೀಕ್ಷಾ ಲ್ಯಾಬಿನ್ಯಾಗ ಕೆಲಸ ಮಾಡ್ತೀನ್ರಿ. ಇದನ್ನೆಲ್ಲಾ ಓದಿ ವೈಡಾಲ್, ಅಂದ್ರ ಟೈಫಾಯಿಡ್ ಆ್ಯಂಟಿಬಾಡಿ ನೋಡೋ ಪರೀಕ್ಷೆ, ನೆನಪಾತು. ಮಳಿಗಾಲ ಬಂದ್ರ ಸಾಕು, ಟಿಓ (ಬ್ಯಾಕ್ಟೀರಿಯಾ ಮೈಯ ಓ ಅಂಶದ ಆ್ಯಂಟಿಬಾಡಿ) ಇಷ್ಟು, ಟಿಎಚ್ (ಎಚ್ ಅಂಶದ್ದು) ಇಷ್ಟು ಅಂತ ಬರದು ಕೊಡೂದ ಕೆಲಸ. ಟ್ಯೂಬ್ ವಿಧಾನದಾಗ ಓ ಕೂಡಿದ್ರ ತಳದಾಗ ಸಣ್ಣ ಹರಳು ಹರಳಾಗಿ ಕುಂದರತದ. ಎಚ್ ಕೂಡಿದ್ರ ಸಡಿಲಾಗಿ, ಹಗುರಕ ಉಬ್ಬಿ ನಿಂದರತದ, ಟ್ಯೂಬ್ ಜರಾ ಅಲುಗಿಸಿದ್ರ ಚದುರತದ. ಎಚ್ ಅಂದ್ರ ಇದ ಫ್ಲಾಜೆಲಿನ್ ಅಲ್ರೀ?

ಒಂದು ಸಂಶಯ. ಟೈಫಾಯಿಡ್ ಬ್ಯಾಕ್ಟೀರಿಯಾ ಮೈಯೊಳಗ ಹೊಕ್ಕ ಮ್ಯಾಲೆ ಈ ಜೀನ್ ಬಂದ್ ಮಾಡ್ತದ ಅಂತ ಓದೀನಿ. ಬಂದ್ ಮಾಡಿದ್ರ ಟಿಎಚ್ ಹೆಂಗ ಏರ್ತದ?

ಮೃದುಅಗಾರ್

ಹೌದ್ರೀ, ಅದೇ ಫ್ಲಾಜೆಲಿನ್. ನೀವು ಟ್ಯೂಬಿನಲ್ಲಿ ದಿನಾ ನೋಡ್ತಿರೋದೇ ಈ ಚರ್ಚೆಯ ವಸ್ತು.

ನಮ್ಮ ಕರುಳಿನ ಮತ್ತು ರಕ್ಷಣಾ ಜೀವಕೋಶಗಳ ಮೇಲೆ ಟಿಎಲ್‌ಆರ್‌5 ಎಂಬ ಗ್ರಾಹಕ ಇದೆ. ಅದು ಗುರುತಿಸೋದು ಫ್ಲಾಜೆಲಿನ್ ಅನ್ನೋದು 2001ರಲ್ಲಿ ತಿಳಿಯಿತು. ಹಾಗಾಗಿ ಕಶಾಂಗ ಹೊತ್ತು ಅಂಗಾಂಶದೊಳಗೆ ನುಗ್ಗುವ ಬ್ಯಾಕ್ಟೀರಿಯಾ ಸುಲಭವಾಗಿ ಸಿಕ್ಕಿಬೀಳುತ್ತೆ. ಟೈಫಾಯಿಡ್ ತರುವ ಸಾಲ್ಮೊನೆಲ್ಲಾ ಟೈಫಿಯ ಬಳಿ ಇದಕ್ಕೊಂದು ಉಪಾಯ ಇದೆ. ಅದರ ಹೊರಕವಚದ ಜೀನ್‌ಗಳ ಜೊತೆ ಟಿವಿಐಎ ಎಂಬ ನಿಯಂತ್ರಕ ಇದೆ. ಕರುಳಿನ ಒಳಗಿರುವಾಗ, ಅಂದರೆ ಲವಣಾಂಶ ಹೆಚ್ಚಿರುವಲ್ಲಿ, ಅದು ತೆಪ್ಪಗಿರುತ್ತೆ, ಕಶಾಂಗ ಇರುತ್ತೆ. ಕರುಳಿನ ಗೋಡೆ ದಾಟಿ ಅಂಗಾಂಶ ಸೇರಿದಾಗ ಲವಣಾಂಶ ಕಡಿಮೆ, ಟಿವಿಐಎ ಏಳುತ್ತೆ. ಅದು ಕವಚವನ್ನ ಹೊದಿಸುತ್ತೆ, ಆರ್‌ಸಿಎಸ್‌ಬಿ ಎಂಬ ಇನ್ನೊಂದು ಪ್ರೋಟೀನ್ ಜೊತೆ ಸೇರಿ ಫ್ಲಹ್‌ಡಿಸಿಯನ್ನ ಅದುಮುತ್ತೆ. ಮತ್ತೆ ಅದೇ ಮೇಲಿನ ಬಾಗಿಲು ನೋಡಿ! ಈ. ಕೋಲಿಯಲ್ಲಿ ಗ್ಲೂಕೋಸ್ ಮುಚ್ಚಿದ್ದೂ ಅದನ್ನೇ.

ನಿಮ್ಮ ಸಂಶಯಕ್ಕೆ: ಒಳನುಗ್ಗುವ ಹೊತ್ತಿಗೆ ಕಶಾಂಗ ಮೈಮೇಲಿದೆ. ಜೀನ್ ಆಫ್ ಆದ ಮಾತ್ರಕ್ಕೆ ಆಗಲೇ ಕಟ್ಟಿ ನಿಂತ ಕಶಾಂಗ ಕರಗೋದಿಲ್ಲ, ಜೀವಕೋಶ ಒಡೆಯುತ್ತಾ ಹೋದ ಹಾಗೆ ಹಂಚಿಕೆಯಾಗಿ ಕಡಿಮೆಯಾಗುತ್ತೆ. ಜೊತೆಗೆ ಆಫ್ ಅನ್ನೋದು ಎಲ್ಲ ಜೀವಕೋಶದಲ್ಲೂ ಒಂದೇ ಸಲ ಸೊನ್ನೆಗೆ ಇಳಿಯೋದಲ್ಲ. ಆ್ಯಂಟಿಬಾಡಿ ಹುಟ್ಟೋಕೆ ಅಷ್ಟು ಸಾಕು.

ವಾರ್ಡ್_ರೌಂಡ್ಸ್

ಒಂದು ಮಾತು ಸೇರಿಸಲೇಬೇಕು. ಎಚ್ ಆ್ಯಂಟಿಬಾಡಿ ಹಿಂದೆ ಯಾವಾಗಲೋ ಬಂದ ಸೋಂಕಿನಿಂದ ತುಂಬ ಕಾಲ ಉಳಿದಿರಬಹುದು. ಹಾಗಾಗಿ ಒಂದೇ ಒಂದು ವೈಡಾಲ್ ರಿಪೋರ್ಟು ಹಿಡಿದು ಟೈಫಾಯಿಡ್ ಅಂತ ತೀರ್ಮಾನಿಸಬೇಡಿ. ಆ್ಯಂಟಿಬಯೋಟಿಕ್ ಶುರು ಮಾಡುವ ಮೊದಲು ರಕ್ತದ ಕಲ್ಚರ್ ಕಳಿಸಿ. ಯಾರೇ ಓದ್ತಿದ್ದರೂ ದಯವಿಟ್ಟು ಇದನ್ನ ನೆನಪಿಡಿ.

ಲ್ಯಾಬ್_ಹುಬ್ಬಳ್ಳಿ

ಖರೇ ಮಾತು ಡಾಕ್ಟ್ರ. ನಾವೂ ಹೇಳ್ತೀವಿ, ಕಲ್ಚರಿಗೆ ದಿನಾ ಹಿಡೀತಾವ ಅಂತ ಮಂದಿ ಕಾಯಂಗಿಲ್ಲ.

ಅಂತಿಮವರ್ಷ_ಮೈಕ್ರೋ

ಸಾಲ್ಮೊನೆಲ್ಲಾನೂ ಊಟ ಸಿಕ್ಕರೆ ಈಜೋದು ನಿಲ್ಲಿಸುತ್ತಾ ಮೇಡಂ?

ಮೃದುಅಗಾರ್

ಇಲ್ಲ, ಹೆಚ್ಚು ಕಮ್ಮಿ ತಿರುಗುಮುರುಗು! ಸಾಲ್ಮೊನೆಲ್ಲಾ ಟೈಫಿಮ್ಯೂರಿಯಂ ಪೋಷಕಾಂಶ ಚೆನ್ನಾಗಿರುವಲ್ಲಿ ಹೆಚ್ಚು ಈಜುತ್ತೆ. ಬಡ ಮಾಧ್ಯಮದಲ್ಲಿ ಯ್ಡಿವಿ ಎಂಬ ಪ್ರೋಟೀನ್ ಏರುತ್ತೆ, ಅದು ಫ್ಲಹ್‌ಡಿಯನ್ನ ಹಿಡಿದು ಕ್ಲಿಪ್‌ಎಕ್ಸ್‌ಪಿ ಎಂಬ ಪ್ರೋಟೀನ್ ಕತ್ತರಿಸುವ ಯಂತ್ರಕ್ಕೆ ಒಪ್ಪಿಸುತ್ತೆ. ಈ. ಕೋಲಿಯಲ್ಲೂ ಯ್ಡಿವಿ ಜೀನ್ ಇದೆ, ಆದರೆ ಅಲ್ಲಿ ಆ ಪ್ರೋಟೀನ್ ತಯಾರಾಗೋದೇ ಅತ್ಯಲ್ಪ. ಕಶಾಂಗದ ಜೀನ್‌ಗಳು ಎರಡರಲ್ಲೂ ಬಹುತೇಕ ಒಂದೇ, ಮೂರು ಹಂತವೂ ಒಂದೇ, ಫ್ಲಗ್‌ಎಂ ಹೊರಗೆ ಹೋಗೋದೂ ಒಂದೇ. ಬದಲಾಗಿರೋದು ಮೇಲಿನ ಬಾಗಿಲು ಯಾವಾಗ ತೆರೀಬೇಕು ಅನ್ನೋದೊಂದು. ಈ. ಕೋಲಿಗೆ ಈಜು ಅಂದರೆ ಊಟ ಹುಡುಕೋದು. ಸಾಲ್ಮೊನೆಲ್ಲಾಗೆ ಸಮೃದ್ಧ ಕರುಳಿನಲ್ಲಿ ಗೋಡೆಯತ್ತ ಹೋಗಿ ನುಗ್ಗೋದು. ನನ್ನ ದೃಷ್ಟಿಯಲ್ಲಿ ಈ ವಿಷಯದಲ್ಲಿ ಕಲಿಯಲೇಬೇಕಾದ್ದು ಇದು: ಕಟ್ಟುವ ಕ್ರಮ ಅಲುಗಾಡದೆ ಉಳಿದಿದೆ, ಕಟ್ಟಬೇಕೋ ಬೇಡವೋ ಅನ್ನೋದು ಜೀವಿಯಿಂದ ಜೀವಿಗೆ ತಿರುಗಿದೆ. ಒಂದು ಪ್ರಭೇದದಲ್ಲಿ ನೋಡಿದ್ದನ್ನ ಇನ್ನೊಂದಕ್ಕೆ ಹಾಗೇ ಅಂಟಿಸಬೇಡಿ.

ಕಡಲತಡಿ

ಮಂಗಳೂರಿನಿಂದ. ನಾನು ಮೀನು, ಸಿಗಡಿಯ ಬ್ಯಾಕ್ಟೀರಿಯಾ ನೋಡುವವ. ವಿಬ್ರಿಯೋ ಪ್ಯಾರಾಹೀಮೊಲಿಟಿಕಸ್ ಬಗ್ಗೆ ಯಾರೂ ಹೇಳ್ಲಿಲ್ಲ ಮಾರಾಯ್ರೆ! ಇದರಲ್ಲಿ ಎರಡು ಬಗೆಯ ಕಶಾಂಗ ಉಂಟು. ನೀರಲ್ಲಿ ಈಜುವಾಗ ತುದಿಯಲ್ಲಿ ಒಂದೇ ಒಂದು, ಅದು ಸೋಡಿಯಂ ಅಯಾನಿನಿಂದ ತಿರುಗುವುದು. ಸಿಗಡಿಯ ಚಿಪ್ಪಿನಂಥ ಮೇಲ್ಮೈಗೆ ಅಂಟಿತೋ, ಮೈಸುತ್ತ ಇನ್ನೂ ತುಂಬ ಕಶಾಂಗ ಬರ್ತದೆ, ಅವು ಪ್ರೋಟಾನಿನಿಂದ ತಿರುಗುವುದು.

ಮೇಲ್ಮೈಗೆ ಬಂದದ್ದು ಗೊತ್ತಾಗುವುದು ಹೇಗೆ ಹೇಳಿ? ತುದಿಯ ಕಶಾಂಗವೇ ಅದರ ಸ್ಪರ್ಶ. 1988ರಲ್ಲಿ ಮೆಕಾರ್ಟರ್, ಹಿಲ್ಮನ್, ಸಿಲ್ವರ್‌ಮನ್ ತೋರಿಸಿದ್ದು: ದ್ರವವನ್ನು ಗಟ್ಟಿ ಮಾಡಿದರೂ, ಕಶಾಂಗಕ್ಕೆ ಆ್ಯಂಟಿಬಾಡಿ ಕಟ್ಟಿ ತಿರುಗದ ಹಾಗೆ ಮಾಡಿದರೂ ಬದಿಯ ಕಶಾಂಗದ ಜೀನ್‌ಗಳು ಆನ್. ಮೇಲ್ಮೈ ಇಲ್ಲವೇ ಇಲ್ಲ, ತಿರುಗುವುದಕ್ಕೆ ಅಡ್ಡಿಯಾದರೆ ಸಾಕು. ಮುಂದೆ ಸೋಡಿಯಂ ಮೋಟಾರನ್ನು ತಡೆಯುವ ಔಷಧಿ ಹಾಕಿದಾಗಲೂ ಹಾಗೆಯೇ ಆಯ್ತು. ಕಬ್ಬಿಣದ ಕೊರತೆಯೂ ಜೊತೆಗೆ ಬೇಕು ಅಂತ ಆಮೇಲೆ ಗೊತ್ತಾಯ್ತು.

ಕಾಲರಾದ ವಿಬ್ರಿಯೋದಲ್ಲಿ ಹಂತ ನಾಲ್ಕು. ಮೇಲೆ ಫ್ಲಹ್‌ಡಿಸಿ ಅಲ್ಲ, ಎಫ್‌ಎಲ್‌ಆರ್‌ಎ. ಸೈಕ್ಲಿಕ್ ಡೈ-ಜಿಎಂಪಿ ಎಂಬ ಸಣ್ಣ ಅಣು ಏರಿದರೆ ಅದು ನೇರ ಎಫ್‌ಎಲ್‌ಆರ್‌ಎಗೆ ಅಂಟಿ ಅದನ್ನು ಕೆಲಸ ಮಾಡಲು ಬಿಡುವುದಿಲ್ಲ. ಈಜು ನಿಂತು ಲೋಳೆಪದರ ಕಟ್ಟುವ ಕೆಲಸ ಶುರು. ಫ್ಲಗ್‌ಎಂ ಹೊರಗೆ ಹೋಗುವುದು ಮಾತ್ರ ಇಲ್ಲಿಯೂ ಉಂಟು.

ಜೀನ್_ಗಡಿಯಾರ

ಸೈಕ್ಲಿಕ್ ಡೈ-ಜಿಎಂಪಿ ಈ. ಕೋಲಿಯಲ್ಲೂ ಇದೆ, ಅಲ್ಲಿ ಅದು ಜೀನ್‌ಗೆ ಕಾಯೋದೂ ಇಲ್ಲ. ವೈಸಿಜಿಆರ್ ಎಂಬ ಪ್ರೋಟೀನಿಗೆ ಅಂಟುತ್ತೆ, ಅದು ತಿರುಗುತ್ತಿರುವ ಮೋಟಾರಿಗೇ ಹೋಗಿ ವೇಗ ತಗ್ಗಿಸುತ್ತೆ. ಬ್ಯಾಸಿಲಸ್ ಸಬ್ಟಿಲಿಸ್‌ನಲ್ಲಿ ಲೋಳೆಪದರದ ಆಪೆರಾನಿನಲ್ಲೇ ಇರುವ ಎಪ್ಸ್‌ಇ ಮೋಟಾರನ್ನ ಅದರ ಚಾಲಕ ಭಾಗದಿಂದ ಬಿಡಿಸಿಬಿಡುತ್ತೆ. ಜೀನ್ ಆಫ್ ಮಾಡಿದರೆ ಪರಿಣಾಮಕ್ಕೆ ತಲೆಮಾರು ಕಾಯಬೇಕು, ಇದು ತಕ್ಷಣದ ದಾರಿ.

ಅಂತಿಮವರ್ಷ_ಮೈಕ್ರೋ

ಎಲ್ಲರಿಗೂ ಧನ್ಯವಾದ. ಈಗ ಮೂರು ಬಗೆ ಪ್ಲೇಟು ಹಾಕೋಣ ಅಂತಿದ್ದೀನಿ: ಗ್ಲೂಕೋಸ್ ಇಲ್ಲದ್ದು, ಇರುವಂಥದ್ದು, ಮತ್ತೆ ಗ್ಲೂಕೋಸ್ ಜೊತೆಗೆ ಸೈಕ್ಲಿಕ್ ಎಎಂಪಿ ಸೇರಿಸಿದ್ದು. ಇನ್ನೊಂದು ವಿಚಿತ್ರ. ಗ್ಲೂಕೋಸ್ ಇಲ್ಲದ ಒಂದು ಪ್ಲೇಟಿನಲ್ಲಿ ಉಂಗುರದ ಒಂದು ಕಡೆಯಿಂದ ಬೀಸಣಿಗೆಯಾಕಾರದಲ್ಲಿ ಒಂದು ಭಾಗ ಮುಂದಕ್ಕೆ ಚಾಚಿದೆ. ಕಂಟಾಮಿನೇಷನ್ ಅಂತ ಬಿಸಾಕಲಾ?

ಮೃದುಅಗಾರ್

ಬಿಸಾಕಬೇಡಿ!! ಅದು ಬಹುಶಃ ನಿಮ್ಮ ಪ್ರಾಜೆಕ್ಟಿನಲ್ಲೇ ಒಳ್ಳೆಯ ಭಾಗ.

ಈ. ಕೋಲಿಯ ಡಿಎನ್‌ಎಯಲ್ಲಿ ಜಾಗ ಬದಲಿಸುವ ತುಣುಕುಗಳಿವೆ, ಐಎಸ್1, ಐಎಸ್5 ಅಂಥವು. ಅವು ಆಗೊಮ್ಮೆ ಈಗೊಮ್ಮೆ ಫ್ಲಹ್‌ಡಿಸಿಯ ಮುಂಭಾಗಕ್ಕೆ ಹೋಗಿ ಕೂರುತ್ತವೆ. ಕೂತರೆ ಅಲ್ಲಿನ ತಡೆ ಸಡಿಲವಾಗಿ ಆ ಆಪೆರಾನ್ ಜೋರಾಗಿ ಓದಿಸಿಕೊಳ್ಳುತ್ತೆ. ಮೆದು ಅಗಾರ್‌ನಲ್ಲಿ ವೇಗವಾಗಿ ಹರಡಿದವನಿಗೆ ಹೊಸ ಊಟ, ಹಾಗಾಗಿ ಅಂಥ ಜೀವಕೋಶ ಒಂದು ಹುಟ್ಟಿದರೂ ಅದರ ಸಂತತಿ ಮುಂದಕ್ಕೆ ಚಾಚುತ್ತೆ. ಒಂದೇ ಹೆಸರಿನ ಎಂಜಿ1655 ತಳಿ ಒಂದು ಲ್ಯಾಬಿನಲ್ಲಿ ಚುರುಕು, ಇನ್ನೊಂದರಲ್ಲಿ ಮಂದ ಇರೋದಕ್ಕೆ ಇದೇ ಕಾರಣ ಅಂತ 2004ರಲ್ಲೇ ತೋರಿಸಿದ್ದಾರೆ.

ಚಾಚಿದ ಭಾಗದ ಅಂಚಿನಿಂದ ಸ್ವಲ್ಪ ತೆಗೆದು ಗಟ್ಟಿ ಅಗಾರ್ ಮೇಲೆ ಗೀರಿ, ಒಂಟಿ ಕಾಲನಿ ಆರಿಸಿ. ಈ. ಕೋಲಿಯೇ ಹೌದಾ ಅಂತ ಗ್ರಾಂ ಬಣ್ಣ, ಇಂಡೋಲ್, ಮ್ಯಾಕ್‌ಕಾಂಕಿ ನೋಡಿ. ಆಮೇಲೆ ಅದನ್ನೂ ಮೂಲ ತಳಿಯನ್ನೂ ಒಂದೇ ದಿನ ಹೊಯ್ದ ಪ್ಲೇಟುಗಳಲ್ಲಿ ಪಕ್ಕಪಕ್ಕ ಚುಚ್ಚಿ. ಪ್ಲೇಟಿನ ಒದ್ದೆ ಎಷ್ಟು ಅನ್ನೋದರ ಮೇಲೆ ಉಂಗುರ ತುಂಬ ಬದಲಾಗುತ್ತೆ, ಹೊಯ್ದ ಮೇಲೆ ಎಲ್ಲವನ್ನೂ ಒಂದೇ ಸಮಯ ಒಣಗಿಸಿ, ತಲೆಕೆಳಗು ಮಾಡಬೇಡಿ, ಜಾರಿ ಬೀಳುತ್ತೆ. ಪಿಸಿಆರ್ ಸೌಲಭ್ಯ ಇದ್ದರೆ ಫ್ಲಹ್‌ಡಿ ಜೀನಿನ ಮುಂಭಾಗವನ್ನ ಎರಡರಲ್ಲೂ ಓಡಿಸಿ. ಐಎಸ್1 ಕೂತಿದ್ದರೆ ಪಟ್ಟಿ 768 ಬೇಸ್‌ನಷ್ಟು ದೊಡ್ಡದಾಗಿರುತ್ತೆ, ಐಎಸ್5 ಆದರೆ ಸುಮಾರು 1,200.

ಸೈಕ್ಲಿಕ್ ಎಎಂಪಿ ಪ್ಲೇಟಿನ ಜೊತೆಗೆ ಗ್ಲೂಕೋಸ್ ಪ್ಲೇಟುಗಳ ಪಿಎಚ್ ಕೂಡ ಅಳೆಯಿರಿ. ಗ್ಲೂಕೋಸ್ ತಿಂದು ಆಮ್ಲ ಬಿಡೋದರಿಂದಲೂ ಈಜು ಕುಗ್ಗಬಹುದು, ಅದನ್ನ ಬೇರ್ಪಡಿಸದೆ ಸಿಆರ್‌ಪಿಯೇ ಕಾರಣ ಅಂತ ಬರೆದರೆ ಪರೀಕ್ಷಕರು ಕೇಳೇ ಕೇಳ್ತಾರೆ. ಫೋಟೋ ಇಲ್ಲೇ ಹಾಕಿ.